ನಲ್ಲಿ ನೀರೂ ಕೆಂಪಾಯ್ತು

ನಮ್ಮ ಮನೆಯ ಹಾಲ್‌ನಲ್ಲಿ ಟಿವಿ ಪಕ್ಕ ಒಂದು ಮೀನಿನ ತೊಟ್ಟಿ ಇದೆ. ಬಂದವರು ಮೊದಲು ಕೇಳೋದು ಮೀನಿನ ಬಗ್ಗೆ ಅಲ್ಲ. "ಇದೇನ್ರೀ, ಮನಿ ಪ್ಲಾಂಟನ್ನ ಮೀನಿನ ನೀರಿಗೆ ಇಳಿಬಿಟ್ಟಿದೀರಾ?" ಅಂತಾರೆ. ಹೌದು, ಇಳಿಬಿಟ್ಟಿದ್ದೇವೆ. ಅದರ ಹಿಂದೆ ಒಂದು ಕಥೆ ಇದೆ. ಬರೆಯಬೇಕು ಬರೆಯಬೇಕು ಅಂದುಕೊಳ್ಳುತ್ತಲೇ ಬ್ಯಾಂಕಿನ ಮಾರ್ಚ್ ಎಂಡಿಂಗು, ಮಗನ ಪರೀಕ್ಷೆ ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಇವತ್ತು ಕೂತಿದ್ದೇನೆ.

2022ರಲ್ಲಿ ಮಗನ ಒಂಬತ್ತನೇ ಹುಟ್ಟುಹಬ್ಬಕ್ಕೆ ಈ ತೊಟ್ಟಿ ಬಂತು. ಮೂರಡಿ ಉದ್ದ, ಹೆಚ್ಚು ಕಮ್ಮಿ ನೂರು ಲೀಟರ್ ಹಿಡಿಯುತ್ತೆ. ನಾಲ್ಕು ಗೋಲ್ಡ್‌ಫಿಶ್. ಹುಡುಗ ಹೊಟ್ಟೆಬಾಕ, ಹಾಗಾಗಿ ಹೆಸರುಗಳು ಬೋಂಡಾ, ವಡೆ, ಇಡ್ಲಿ, ಜಾಮೂನು. ಕಪ್ಪಗೆ ಉಬ್ಬು ಕಣ್ಣಿಂದು ಜಾಮೂನು ಅಂತ ಬೇರೆ ಹೇಳಬೇಕಿಲ್ಲ :-)

ಮೂರು ವಾರದೊಳಗೆ ಇಡ್ಲಿ ಸತ್ತಿತು. ಎರಡು ದಿನ ಬಿಟ್ಟು ವಡೆ. ಮಗ ಅತ್ತ ಅಳು ನೋಡಿ ನಮ್ಮ ಮನೆಯವರು ಆಫೀಸಿಗೆ ರಜೆ ಹಾಕಿದರು. ಅಂಗಡಿಯವನನ್ನು ಕೇಳಿದರೆ "ನೀರು ಚೇಂಜ್ ಮಾಡಿ ಮೇಡಂ, ಇದು ಎರಡು ಹನಿ ಹಾಕಿ" ಅಂತ ಒಂದು ನೀಲಿ ದ್ರವ ಕೊಟ್ಟ. ಸತ್ತ ಮೀನನ್ನ ದಾಸವಾಳದ ಗಿಡದ ಬುಡದಲ್ಲಿ ಹೂಳುವಾಗ ಅದರ ಕಿವಿರು ಕೆಂಪಗೆ ಇರೋದು ಬಿಟ್ಟು ಕಾಫಿ ಬಣ್ಣಕ್ಕೆ ತಿರುಗಿತ್ತು. ಆಗ ಅದು ಏನೂಂತ ಗೊತ್ತಾಗಲಿಲ್ಲ. ಆಮೇಲೆ ಓದಿಕೊಂಡೆ.

ಓದಿದ್ದನ್ನ ಸುಲಭವಾಗಿ ಹೇಳ್ತೀನಿ. ಮೀನು ತಿನ್ನುವ ಆಹಾರದಲ್ಲಿ ಪ್ರೋಟೀನ್ ಇರುತ್ತೆ, ಪ್ರೋಟೀನ್‌ನಲ್ಲಿ ಸಾರಜನಕ. ಮೀನು ಅದನ್ನ ಬಹುಪಾಲು ಅಮೋನಿಯಾ ಮಾಡಿ ಕಿವಿರಿನಿಂದಲೇ ನೀರಿಗೆ ಬಿಡುತ್ತೆ. ಅಮೋನಿಯಾ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ. ಅದೂ ವಿಷ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ. ಇದು ಅಷ್ಟು ಕೆಟ್ಟದ್ದಲ್ಲ, ಆದರೆ ಎಲ್ಲೂ ಹೋಗದೆ ಸೇರುತ್ತಾ ಇರುತ್ತೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೇರೂರೋದಕ್ಕೆ ಒಂದು ತಿಂಗಳಾದರೂ ಬೇಕು. ನಾವು ಅದು ಯಾವುದೂ ಗೊತ್ತಿಲ್ಲದೆ ಮೊದಲ ದಿನವೇ ನಾಲ್ಕು ಮೀನು ಬಿಟ್ಟಿದ್ದೆವು. ನೈಟ್ರೈಟ್ ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್‌ಗೆ ಆಮ್ಲಜನಕ ಹೊರೋ ಶಕ್ತಿ ಹೋಗುತ್ತೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತೆ. ಇಡ್ಲಿಯ ಕಿವಿರು ಕಾಫಿ ಬಣ್ಣಕ್ಕೆ ಬಂದಿದ್ದು ಅದಕ್ಕೇ ಇರಬೇಕು. ಈ ಕಂದು ರಕ್ತದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಬೋಂಡಾ, ಜಾಮೂನು ಹೇಗೋ ಉಳಿದವು. ನಾನು ನೀರು ಪರೀಕ್ಷೆ ಮಾಡೋ ಒಂದು ಕಿಟ್ ತರಿಸಿದೆ. ಪುಟ್ಟ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಒಂದು ಬಾಟಲಿಯಿಂದ ಹತ್ತು ಹನಿ, ಇನ್ನೊಂದರಿಂದ ಹತ್ತು ಹನಿ, ಕುಲುಕಿ ಐದು ನಿಮಿಷ ಬಿಟ್ಟು ಬಣ್ಣ ನೋಡೋದು. ಹಳದಿ ಅಂದರೆ ನೈಟ್ರೇಟ್ ಇಲ್ಲ, ಕಿತ್ತಳೆ ಅಂದರೆ ಸ್ವಲ್ಪ ಇದೆ, ಕೆಂಪಾದರೆ ಜಾಸ್ತಿ. ಎರಡನೇ ಬಾಟಲಿಯನ್ನ ಅರ್ಧ ನಿಮಿಷ ಗಟ್ಟಿಯಾಗಿ ಅಲ್ಲಾಡಿಸಲೇಬೇಕು, ಇಲ್ಲದಿದ್ದರೆ ಸುಳ್ಳು ಹಳದಿ ತೋರಿಸುತ್ತೆ. ನಾನು ಎರಡು ತಿಂಗಳು ಆ ಸುಳ್ಳು ಹಳದಿ ನೋಡಿಕೊಂಡು ಖುಷಿಯಾಗಿದ್ದೆ. ಸರಿಯಾಗಿ ಅಲ್ಲಾಡಿಸಿದ ದಿನ ಕೊಳವೆ ದಾಳಿಂಬೆ ರಸದ ಹಾಗೆ ಕಂಡಿತು. ಲೀಟರಿಗೆ 80 ಮಿಲಿಗ್ರಾಂಗೂ 160ಕ್ಕೂ ನಡುವೆ ಎಲ್ಲೋ.

ಎಲ್ಲರೂ ಹೇಳೋ ಪರಿಹಾರ ನೀರು ಬದಲಾಯಿಸೋದು. ಪ್ರತಿ ಭಾನುವಾರ ಪೈಪ್ ಇಳಿಬಿಟ್ಟು ಅರ್ಧ ತೊಟ್ಟಿ ನೀರು ತೆಗೆದು ಹೊಸ ನೀರು ತುಂಬೋದು. ಸೊಂಟ ಬಿದ್ದು ಹೋಗುತ್ತಿತ್ತು. ಸೋಮವಾರ ಪರೀಕ್ಷೆ ಮಾಡಿದರೆ ಅದೇ ದಾಳಿಂಬೆ. ಅರ್ಧ ನೀರು ತೆಗೆದರೆ ನೈಟ್ರೇಟ್ ಅರ್ಧ ಆಗಬೇಕು ತಾನೆ? ದಿನವಿಡೀ ಲೆಕ್ಕ ನೋಡೋ ನನಗೇ ಈ ಲೆಕ್ಕ ಹತ್ತಲಿಲ್ಲ.

ಹತ್ತಿದ್ದು ಮಗನಿಗೆ. 2024ರ ಫೆಬ್ರವರಿ. ನಾನು ಅಡಿಗೆ ಮನೇಲಿದ್ದೆ, ಅವನು ಸುಮ್ಮನೆ ಆಟಕ್ಕೆ ಅಂತ ಕಿಟ್ ತೆಗೆದುಕೊಂಡು ಹಿತ್ತಲ ನಲ್ಲಿ ನೀರು ಹಿಡಿದು ಹನಿ ಹಾಕಿದ್ದಾನೆ. "ಅಮ್ಮಾ, ನಲ್ಲಿ ನೀರೂ ಕೆಂಪಾಯ್ತು!" ಅಂತ ಕೂಗಿದ. ನನಗೆ ಮೊದಲು ನಂಬಿಕೆ ಬರಲಿಲ್ಲ, ನೀನು ತೊಟ್ಟಿ ನೀರೇ ಹಿಡಿದಿರ್ತೀಯ ಅಂತ ಬೈದೆ. ಇನ್ನೊಮ್ಮೆ ನಾನೇ ಮಾಡಿದೆ. ಕೆಂಪು.

ನಮ್ಮದು ಬೆಂಗಳೂರಿನ ಅಂಚು. 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಲ್ಲಿ ಒಂದು. ಆಗಿನ್ನೂ ನಮ್ಮ ಬೀದಿಗೆ ಕಾವೇರಿ ಬಂದಿರಲಿಲ್ಲ, ಒಳಚರಂಡಿಯೂ ಇಲ್ಲ. ಪ್ರತಿ ಮನೆಯ ಮುಂದೆ ಒಂದು ಬೋರ್‌ವೆಲ್, ಹಿಂದೆ ಒಂದು ಪಾಯಿಖಾನೆ ಗುಂಡಿ. ಗುಂಡಿಯಿಂದ ಇಂಗಿದ್ದು ಎಲ್ಲಿಗೆ ಹೋಗುತ್ತೆ ಅಂತ ನಾವ್ಯಾರೂ ಯೋಚನೆ ಮಾಡಿರಲಿಲ್ಲ. ಮಣ್ಣಿನಲ್ಲೂ ಅದೇ ಬ್ಯಾಕ್ಟೀರಿಯಾಗಳು ಅದೇ ಕೆಲಸ ಮಾಡ್ತವೆ. ಕೊನೆಗೆ ಉಳಿಯೋ ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗುತ್ತೆ, ಮಣ್ಣು ಅದನ್ನ ಹಿಡಿದಿಟ್ಟುಕೊಳ್ಳೋದಿಲ್ಲ, ಸೀದಾ ಅಂತರ್ಜಲಕ್ಕೆ ಇಳಿಯುತ್ತೆ. ನಾನು ಕೆಂಪು ನೀರು ತೆಗೆದು ಕೆಂಪು ನೀರನ್ನೇ ತುಂಬುತ್ತಿದ್ದೆ!

ಕಿಟ್‌ನಲ್ಲಿ 40ರ ಕೆಂಪಿಗೂ 80ರ ಕೆಂಪಿಗೂ ವ್ಯತ್ಯಾಸ ಕಾಣೋದು ಕಷ್ಟ. ಲ್ಯಾಬಿಗೆ ಒಂದು ಬಾಟಲಿ ನೀರು ಕೊಟ್ಟು ಬಂದೆ. ನಾಲ್ಕು ದಿನಕ್ಕೆ ವರದಿ ಬಂತು. ನೈಟ್ರೇಟ್ ಲೀಟರಿಗೆ 72 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ಇರುವ ಮಿತಿ 45.

ನಮ್ಮ ಮನೆಯಲ್ಲಿ ಕುಡಿಯೋಕೆ ಆರ್‌ಒ ಫಿಲ್ಟರ್ ಇದೆ, ಅದು ನೈಟ್ರೇಟನ್ನ ಬಹುಮಟ್ಟಿಗೆ ತೆಗೆಯುತ್ತೆ. ಕಿಟ್‌ನಲ್ಲಿ ನೋಡಿದೆ, ತಿಳಿ ಕಿತ್ತಳೆ. ಸಮಾಧಾನವಾಯ್ತು. ಆ ಸಮಾಧಾನ ಎಷ್ಟು ಹೊತ್ತು ಇತ್ತು ಅಂದರೆ, ಮೇಲಿನ ಮನೆಯಿಂದ ಮಗು ಅಳೋ ಸದ್ದು ಕೇಳೋವರೆಗೆ.

ಮೇಲಿನ ಮನೆಯವರು ನಮ್ಮ ಹಾಗೇ ಬಾಡಿಗೆಗೆ ಇರೋರು. ಚಿಕ್ಕ ವಯಸ್ಸಿನ ಗಂಡ ಹೆಂಡತಿ, ನಾಲ್ಕು ತಿಂಗಳ ಹೆಣ್ಣು ಮಗು. ಅವಳು ಕೆಲಸಕ್ಕೆ ವಾಪಸ್ ಹೋಗೋ ದಿನ ಹತ್ತಿರ ಬಂದಿತ್ತು, ಮಗುವಿಗೆ ಡಬ್ಬಿ ಹಾಲು ಅಭ್ಯಾಸ ಮಾಡಿಸ್ತಿದ್ದಳು. ಅವರ ಮನೇಲಿ ಆರ್‌ಒ ಇಲ್ಲ, ಕ್ಯಾಂಡಲ್ ಫಿಲ್ಟರ್ ಮಾತ್ರ.

ನಾನು ವರದಿಯ ಹಾಳೆ ಹಿಡಿದುಕೊಂಡು ಮೆಟ್ಟಿಲ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ. ಹೋಗಿ ಹೇಳಿದರೆ ಹೆದರಿಸಿದ ಹಾಗೆ, ಹೇಳದಿದ್ದರೆ? ಕೊನೆಗೆ ಹತ್ತಿದೆ.

"ಅಕ್ಕಾ, ನಾನು ಹತ್ತು ನಿಮಿಷ ಚೆನ್ನಾಗಿ ಕುದಿಸೇ ಕೊಡೋದು" ಅಂದಳು.

ಅದೇ ತೊಂದರೆ. ಕುದಿಸಿದರೆ ಕ್ರಿಮಿ ಸಾಯುತ್ತೆ, ನೈಟ್ರೇಟ್ ಆವಿಯಾಗೋದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತೆ. ಕ್ಯಾಂಡಲ್ ಫಿಲ್ಟರೂ ಅದನ್ನ ತಡೆಯೋದಿಲ್ಲ. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ಸುಲಭವಾಗಿ ನೈಟ್ರೈಟ್ ಆಗುತ್ತೆ, ಆಮೇಲೆ ಆಗೋದು ಇಡ್ಲಿಗೆ ಆದದ್ದೇ. ರಕ್ತ ಆಮ್ಲಜನಕ ಹೊರೋದಿಲ್ಲ, ಮಗು ನೀಲಿಗಟ್ಟುತ್ತೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಕಾಮ್ಲಿ ಎಂಬ ವೈದ್ಯರು ಹಳ್ಳಿ ಬಾವಿಯ ನೀರು ಬೆರೆಸಿದ ಹಾಲು ಕುಡಿದ ಕೂಸುಗಳಲ್ಲಿ ಇದನ್ನ ಗುರುತಿಸಿ ಬರೆದಿದ್ದರು. ನಾನು ಅಷ್ಟೆಲ್ಲ ಹೇಳಲಿಲ್ಲ. "ಮಗುವಿನ ಹಾಲಿಗೆ ಈ ನೀರು ಬೇಡ ಕಣೆ, ನಮ್ಮನೆ ನೀರು ತಗೊಂಡು ಹೋಗು, ಡಾಕ್ಟರಿಗೆ ಒಂದು ಮಾತು ಕೇಳು" ಅಂದೆ ಅಷ್ಟೆ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನಾಲ್ಕು ದಿನದಿಂದ ದಿನಕ್ಕೊಂದು ಬಾಟಲಿ ಕೊಡ್ತಿದೀನಿ ಅಕ್ಕಾ" ಅಂದಳು. ಆಮೇಲೆ ಒಳಗೆ ಹೋಗಿ ಮಗುವಿನ ಉಗುರು, ತುಟಿ ನೋಡಿದಳು. ಗುಲಾಬಿ ಬಣ್ಣವೇ ಇತ್ತು. ಆದರೂ ಅವತ್ತೇ ಸಂಜೆ ಡಾಕ್ಟರ್ ಹತ್ತಿರ ಓಡಿದರು. ಮಗು ಚೆನ್ನಾಗಿದೆ, ನೀರು ಮಾತ್ರ ಬದಲಾಯಿಸಿ ಅಂದರಂತೆ. ಮರುದಿನದಿಂದ ಬೆಳಿಗ್ಗೆ ಒಂದು ಸ್ಟೀಲ್ ಕ್ಯಾನ್ ನೀರು ಮೇಲೆ ಕೊಟ್ಟು ಬರೋದು ನಮ್ಮ ಮಗನ ಡ್ಯೂಟಿ ಆಯ್ತು.

ಮನೆ ಓನರಿಗೆ ವರದಿ ತೋರಿಸಿದೆವು. "ಇಪ್ಪತ್ತು ವರ್ಷದಿಂದ ನಾವು ಇದನ್ನೇ ಕುಡೀತಿದೀವಿ, ಏನಾಗಿದೆ?" ಅಂದರು. ಅವರಿಗೆ ಏನೂ ಆಗಿಲ್ಲ, ನಿಜ. ದೊಡ್ಡವರಿಗೆ ಹಾಗೆ ಆಗೋದೂ ಇಲ್ಲ. ಅವರ ಜೊತೆ ವಾದ ಮಾಡೋದು ನಮ್ಮ ಮನೆಯವರ ಪಾಲಿಗೆ ಬಿಟ್ಟು ನಾನು ಮೀನಿನ ಕಡೆ ಬಂದೆ.

ಇನ್ನು ಗಿಡಗಳ ವಿಷಯ. ಬೋರಿನ ನೀರು ಬದಲಾಯಿಸಿ ಪ್ರಯೋಜನವಿಲ್ಲ. ಆರ್‌ಒ ನೀರು ತುಂಬೋಣ ಅಂದರೆ ಅದು ಒಂದು ಲೀಟರಿಗೆ ಎರಡು ಮೂರು ಲೀಟರ್ ಚೆಲ್ಲುತ್ತೆ. 2024ರ ಆ ಬೇಸಿಗೆ ನೆನಪಿದೆಯಲ್ಲ? ಊರಿನ ಅರ್ಧ ಬೋರ್‌ವೆಲ್ ಒಣಗಿ ಟ್ಯಾಂಕರಿಗೆ ಜನ ಸಾಲು ನಿಂತಿದ್ದರು. ಆ ಹೊತ್ತಿನಲ್ಲಿ ಮೀನಿಗೆ ಆರ್‌ಒ ನೀರು ಅಂದರೆ ಬೀದಿಯವರು ಹೊಡೀತಿದ್ದರು. (ಆರ್‌ಒ ಚೆಲ್ಲುವ ನೀರನ್ನ ತೊಟ್ಟಿಗೆ ಹಾಕೋ ಐಡಿಯಾ ನಮ್ಮ ಮನೆಯವರದು. ಫಿಲ್ಟರ್ ತೆಗೆದ ನೈಟ್ರೇಟೆಲ್ಲ ಅದರಲ್ಲೇ ಇರುತ್ತೆ ರೀ, ಕರಿಬೇವಿನ ಗಿಡಕ್ಕೆ ಹಾಕಿ ಅಂದೆ.) ಉಳಿದ ದಾರಿ ಗಿಡ. ಗಿಡಕ್ಕೆ ಸಾರಜನಕ ಬೇಕೇ ಬೇಕು, ನಮ್ಮ ಹತ್ತಿರ ಅದು ಬೇಕಾದಷ್ಟು ಇದೆ.

ಮೊದಲು ಹೈಡ್ರಿಲ್ಲಾ ತಂದೆ. ಗೋಲ್ಡ್‌ಫಿಶ್ ಇಟ್ಟವರು ಈಗಲೇ ನಗ್ತಿರಬೇಕು. ಮೂರೇ ದಿನ. ಬೋಂಡಾ, ಜಾಮೂನು ಇಬ್ಬರೂ ಸೇರಿ ಕೋಸಂಬರಿ ಹಾಗೆ ಮೆದ್ದುಬಿಟ್ಟರು. ತಿಂದದ್ದು ಮತ್ತೆ ಅಮೋನಿಯಾ ಆಗಿ ನೀರಿಗೇ ಬಂತು. ಎರಡನೇ ಸಲ ಹಾರ್ನ್‌ವರ್ಟ್. ಸೂಜಿಯಂಥ ಗಡುಸು ಎಲೆ, ಬೇರೇ ಇಲ್ಲ, ನೀರಿನಲ್ಲಿ ತೇಲಿಕೊಂಡೇ ಬೆಳೆಯುತ್ತೆ, ಇಡೀ ಮೈಯಿಂದಲೇ ನೀರಿನ ಸಾರ ಹೀರುತ್ತೆ. ಇದನ್ನ ಅವರು ಒಂದೆರಡು ಸಲ ಬಾಯಿಗೆ ಹಾಕಿ ಉಗಿದು ಸುಮ್ಮನಾದರು.

ಜೊತೆಗೆ ವರಾಂಡದ ಬಾಟಲಿಯಲ್ಲಿದ್ದ ಮನಿ ಪ್ಲಾಂಟು. ಕದ್ದು ತಂದರೇ ಮನಿ ಪ್ಲಾಂಟ್ ಚೆನ್ನಾಗಿ ಬರೋದು ಅಂತಾರಲ್ಲ, ನಮ್ಮದು ನಮ್ಮ ಬ್ರಾಂಚಿನ ಮ್ಯಾನೇಜರ್ ಟೇಬಲ್‌ನಿಂದ ಬಂದದ್ದು, ಇಷ್ಟು ಹೇಳಿದರೆ ಸಾಕು. ಬಳ್ಳಿಯ ಬೇರು ಮಾತ್ರ ತೊಟ್ಟಿಯ ಹಿಂಬದಿಯ ನೀರಿಗೆ, ಎಲೆಗಳೆಲ್ಲ ಹೊರಗೆ ಗೋಡೆ ಮೇಲೆ. ಇದರಲ್ಲಿ ಒಂದು ಗುಟ್ಟಿದೆ. ಪೂರ್ತಿ ಮುಳುಗಿರೋ ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸುಲಭಕ್ಕೆ ಸಿಗೋದಿಲ್ಲ, ಬೆಳವಣಿಗೆ ಅದಕ್ಕೇ ಕುಂಟುತ್ತೆ. ಎಲೆ ಹೊರಗಿದ್ದರೆ ಗಾಳಿಯಿಂದಲೇ ತೆಗೆದುಕೊಳ್ಳುತ್ತೆ, ಬೇರು ನೀರಿನಿಂದ ನೈಟ್ರೇಟ್ ಎಳೆಯುತ್ತೆ.

ಮೂರು ವಾರ ಏನೂ ಆಗಲಿಲ್ಲ. ಅದೇ ದಾಳಿಂಬೆ. ಮೋಸ ಹೋದೆ ಅಂದುಕೊಂಡೆ. ಡಯಾನಾ ವಾಲ್‌ಸ್ಟಾಡ್ ಅಂತ ಒಬ್ಬ ಅಮೆರಿಕದ ಮಹಿಳೆ 1999ರಲ್ಲಿ ಗಿಡ ಬೆಳೆಸಿದ ತೊಟ್ಟಿಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ, ಅವರು ಒತ್ತಿ ಹೇಳೋ ಒಂದು ಮಾತು ಆಗ ಉಪಯೋಗಕ್ಕೆ ಬಂತು. ನೀರಿನ ಗಿಡಗಳಿಗೆ ನೈಟ್ರೇಟ್‌ಗಿಂತ ಅಮೋನಿಯಾ ಇಷ್ಟ. ನೈಟ್ರೇಟನ್ನ ಗಿಡ ಮತ್ತೆ ಅಮೋನಿಯಾ ಮಾಡಿಕೊಂಡೇ ಬಳಸಬೇಕು, ಅದಕ್ಕೆ ಶಕ್ತಿ ಖರ್ಚು. ರೆಡಿ ಊಟ ಎದುರಿಗಿರುವಾಗ ಹಿಟ್ಟು ಕಲಸಿ ಯಾರು ರೊಟ್ಟಿ ತಟ್ಟುತ್ತಾರೆ? ಹಾಗಾಗಿ ಮೊದಲು ಮೀನಿನಿಂದ ಬರೋ ಅಮೋನಿಯಾವನ್ನೇ ಗಿಡ ತಿನ್ನುತ್ತೆ, ಹೊಸ ನೈಟ್ರೇಟ್ ಹುಟ್ಟೋದು ಕಡಿಮೆಯಾಗುತ್ತೆ. ಹಳೇ ದಾಸ್ತಾನಿಗೆ ಕೈ ಹಾಕೋದು ಗಿಡ ಬಲಿತು, ಬೆಳಕು ಸಾಕಷ್ಟಿದ್ದು, ಹಸಿವು ಜಾಸ್ತಿಯಾದ ಮೇಲೆ.

ತೊಟ್ಟಿಯನ್ನ ಕಿಟಕಿ ಹತ್ತಿರ ಸರಿಸಿ, ಒಂದು ಎಲ್‌ಇಡಿ ದೀಪ ದಿನಕ್ಕೆ ಎಂಟು ಗಂಟೆ ಹಾಕಿದೆ. ವಾರಕ್ಕೆ ಹತ್ತು ಲೀಟರ್ ಮಾತ್ರ ನೀರು ಬದಲಾಯಿಸೋದು, ಅದರಲ್ಲಿ ಮುಕ್ಕಾಲು ಆರ್‌ಒ, ಕಾಲು ಬೋರು. ಹಾರ್ನ್‌ವರ್ಟ್ ಹುಚ್ಚೆದ್ದು ಬೆಳೆಯಿತು. ಜೂನ್ ಹೊತ್ತಿಗೆ ಬಣ್ಣ ದಾಳಿಂಬೆಯಿಂದ ಟೊಮೆಟೊಗೆ ಇಳಿಯಿತು, ಸೆಪ್ಟೆಂಬರಿಗೆ ಕಿತ್ತಳೆ, ಅಂದರೆ 20ರ ಆಸುಪಾಸು. ಪೂರ್ತಿ ಕೀರ್ತಿ ಗಿಡಕ್ಕೇ ಕೊಟ್ಟರೆ ಸುಳ್ಳಾಗುತ್ತೆ, ಆರ್‌ಒ ನೀರಿನ ಪಾಲೂ ಇದೆ.

ಕುತೂಹಲಕ್ಕೆ ಒಂದು ಲೆಕ್ಕ ಹಾಕಿದೆ. ಎರಡು ಮೀನಿಗೆ ದಿನಕ್ಕೆ ಅರ್ಧ ಗ್ರಾಂ ಆಹಾರ, ಅದರಲ್ಲಿ ಶೇಕಡಾ 40 ಪ್ರೋಟೀನ್, ಪ್ರೋಟೀನ್‌ನಲ್ಲಿ ಶೇಕಡಾ 16 ಸಾರಜನಕ. ಅಷ್ಟೂ ನೈಟ್ರೇಟ್ ಆದರೆ ನೂರು ಲೀಟರ್ ತೊಟ್ಟಿಯಲ್ಲಿ ವಾರಕ್ಕೆ ಲೀಟರಿಗೆ ಸುಮಾರು 10 ಮಿಲಿಗ್ರಾಂ ಏರುತ್ತೆ. ಇನ್ನೊಂದು ಕಡೆ, ನೀರಿನ ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬರೀ ನೀರು. ಒಣಗಿದ ಭಾಗದಲ್ಲಿ ಸಾರಜನಕ ಶೇಕಡಾ ಮೂರರ ಹತ್ತಿರ ಅಂದುಕೊಳ್ಳಿ. ಹಾಗಾದರೆ ವಾರದ ಆಹಾರವನ್ನ ಸರಿದೂಗಿಸೋಕೇ ವಾರಕ್ಕೆ ಸುಮಾರು ನೂರು ಗ್ರಾಂ ಹಸಿ ಗಿಡ ಬೆಳೀಬೇಕು. ಮೊದಲಿದ್ದ ಆ ದಾಳಿಂಬೆ ದಾಸ್ತಾನು ಹೋಗಬೇಕಾದರೆ ಒಂದು ಕಿಲೋ! ಅಂಗಡಿಯಲ್ಲಿ ಎರಡು ಕಡ್ಡಿ ಗಿಡ ತಂದು ನೆಟ್ಟು ನೈಟ್ರೇಟ್ ಹೋಗಲಿಲ್ಲ ಅನ್ನೋರಿಗೆ ಈ ಲೆಕ್ಕ ತೋರಿಸಬೇಕು.

ಬೆಳೆದರೆ ಸಾಲದು, ತೆಗೀಬೇಕು ಅನ್ನೋದನ್ನ ನಾನು ಕಲಿತದ್ದು ಪೆಟ್ಟು ತಿಂದು. 2024ರ ದಸರಾಕ್ಕೆ ಹತ್ತು ದಿನ ತಿಪಟೂರಿನ ಹತ್ತಿರ ನಮ್ಮ ಅತ್ತೆ ಊರಿಗೆ ಹೋಗಿದ್ದೆವು. ಹಾರ್ನ್‌ವರ್ಟ್ ಎಷ್ಟು ಚೆನ್ನಾಗಿದೆ ಅಂತ ಕತ್ತರಿಸದೆ ಹಾಗೇ ಬಿಟ್ಟಿದ್ದೆ. ದೀಪದ ಪ್ಲಗ್ ತೆಗೆದು ಹೋಗಿದ್ದೆ, ಕರೆಂಟ್ ಉಳಿಸೋ ಬುದ್ಧಿ. ವಾಪಸ್ ಬಂದು ಬಾಗಿಲು ತೆಗೆದರೆ ಗುಂ ಅಂತ ವಾಸನೆ. ಕೆಳಗಿನ ಗಿಡವೆಲ್ಲ ಸೂಜಿ ಉದುರಿಸಿ ಕೊಳೆತು ತಳದಲ್ಲಿ ಕಂದು ಗೊಜ್ಜು. ಮೀನುಗಳು ಮೇಲೆ ಬಂದು ಬಾಯಿ ಬಿಡ್ತಿವೆ. ಮಗ ಬ್ಯಾಗನ್ನೂ ಇಳಿಸದೆ ಅಲ್ಲೇ ನಿಂತ. ರಾತ್ರಿ ಹನ್ನೊಂದರವರೆಗೆ ನಾವು ಮೂವರೂ ಕೊಳೆತದ್ದನ್ನ ಬಾಚಿ ತೆಗೆದೆವು. ಜಾಮೂನು ಉಳಿಯೋದಿಲ್ಲ ಅಂದುಕೊಂಡಿದ್ದೆ, ಉಳಿಯಿತು. ಮರುದಿನ ಕೊಳವೆ ಮತ್ತೆ ಕೆಂಪು. ಏಳು ತಿಂಗಳಲ್ಲಿ ಗಿಡ ಹೀರಿಕೊಂಡದ್ದರಲ್ಲಿ ಒಂದು ಪಾಲನ್ನ ಹತ್ತು ದಿನದಲ್ಲಿ ವಾಪಸ್ ಕೊಟ್ಟಿತ್ತು.

ಫೋನ್‌ನಲ್ಲಿ ಅತ್ತೆಗೆ ಹೇಳಿದರೆ ಅವರಿಗೆ ಏನೂ ಆಶ್ಚರ್ಯವಿಲ್ಲ. "ಮತ್ತೆ ಕೆರೆ ಗೋಡು ಯಾಕೆ ಹೊಡೀತಿದ್ರು ಅನ್ಕೊಂಡೆ? ಕೆರೆಗೆ ಹೋಗಿದ್ದನ್ನ ಹೊಲಕ್ಕೆ ತರಬೇಕು ಕಣವ್ವ. ಅಲ್ಲೇ ಬಿಟ್ರೆ ಕೆರೆನೂ ಹಾಳು, ಹೊಲಕ್ಕೂ ಇಲ್ಲ" ಅಂದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಹೂಳನ್ನ ಗಾಡಿಗಟ್ಟಲೆ ತೆಂಗಿನ ಬುಡಕ್ಕೆ ಹೊಡೆದದ್ದು ಅವರಿಗೆ ಇನ್ನೂ ನೆನಪಿದೆ. ನಮ್ಮ ಬಡಾವಣೆ ಕೆರೆಯಲ್ಲಿ ನೋಡ್ತೀನಿ, ಚರಂಡಿ ನೀರು ಕುಡಿದು ಜೊಂಡು ಆಳೆತ್ತರ ಬೆಳೆಯುತ್ತೆ. ವರ್ಷಕ್ಕೊಮ್ಮೆ ಯಂತ್ರ ಬಂದು ಎಳೆದು ಏರಿ ಮೇಲೆ ಗುಡ್ಡೆ ಹಾಕಿ ಹೋಗುತ್ತೆ. ಲಾರಿ ಬರೋದರೊಳಗೆ ಮಳೆ ಬರುತ್ತೆ, ಕೊಳೆತ ರಸವೆಲ್ಲ ಮತ್ತೆ ಕೆರೆಗೇ. ಮೊದಲು ಅದನ್ನ ನೋಡಿದರೆ ಕೊಳಕು ಅನಿಸುತ್ತಿತ್ತು, ಈಗ ಹೊಟ್ಟೆ ಉರಿಯುತ್ತೆ.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತಲ್ಲ, ಈ 110 ಹಳ್ಳಿಗಳಿಗೆ ಅಂತಲೇ ಮಾಡಿದ್ದು. ನಮ್ಮ ಓನರ್ ಮೀನ ಮೇಷ ಎಣಿಸಿ 2025ರಲ್ಲಿ ಕನೆಕ್ಷನ್ ಹಾಕಿಸಿದರು. ಮೊದಲ ದಿನದ ನೀರು ನಲ್ಲಿಯಿಂದ ಬಂದ ತಕ್ಷಣ ಮಗ ಕಿಟ್ ಹಿಡಿದು ಓಡಿದ. ಮೇಲಿನ ಮನೆಯವಳೂ ಮಗು ಎತ್ತಿಕೊಂಡು ಇಳಿದು ಬಂದಳು. ಐದು ನಿಮಿಷ ಎಲ್ಲರೂ ಕೊಳವೆ ನೋಡುತ್ತಾ ನಿಂತೆವು. ಹಳದಿ. ಎರಡನೇ ಬಾಟಲಿ ಚೆನ್ನಾಗಿ ಅಲ್ಲಾಡಿಸಿದೆಯೇನೋ ಅಂತ ನಾನು ಮೂರು ಸಲ ಕೇಳಿದೆ.

ಆದರೆ ಕಾವೇರಿ ಬರೋದು ವಾರಕ್ಕೆ ಎರಡು ದಿನ. ಬೀಳೋದು ಅದೇ ಸಂಪಿಗೆ, ಬೋರ್‌ವೆಲ್ ನೀರು ಬೀಳೋದೂ ಅದೇ ಸಂಪಿಗೆ. ಹಾಗಾಗಿ ನಮ್ಮ ನಲ್ಲಿ ಬಣ್ಣ ವಾರದಲ್ಲಿ ದಿನಕ್ಕೊಂದು ಥರ. ಕಾವೇರಿ ಬಿಟ್ಟ ದಿನ ನಲ್ಲಿಯಿಂದ ನೇರ ಬಕೆಟ್ ಹಿಡಿದಿಟ್ಟು, ಕ್ಲೋರಿನ್ ಹೋಗಲಿ ಅಂತ ಒಂದು ದಿನ ತೆರೆದಿಟ್ಟು, ತೊಟ್ಟಿಗೆ ಹಾಕ್ತೀನಿ. ಸಂಪು ಎರಡು ಮಾಡಿಸಿ ಅಂತ ಓನರಿಗೆ ಹೇಳ್ತಾನೇ ಇದೀವಿ. ಮೇಲಿನ ಮನೆಯವರು ಆರ್‌ಒ ಹಾಕಿಸಿಕೊಂಡಿದ್ದಾರೆ, ಕ್ಯಾನ್ ಡ್ಯೂಟಿ ಮುಗಿಯಿತು. ಆ ಮಗು ಈಗ ಗೋಡೆ ಹಿಡಿಯದೆ ಮೆಟ್ಟಿಲು ಇಳಿದು ಬರುತ್ತೆ, ಗಾಜಿಗೆ ಮೂಗು ಒತ್ತಿ "ಬೋಂಡಾ" ಅಂತ ಕರೆಯುತ್ತೆ. ಗಾಜಿನ ಮೇಲೆ ಎಂಜಲು. ಒರೆಸೋದು ನಾನು.

ಈ ಭಾನುವಾರ ಹಾರ್ನ್‌ವರ್ಟ್ ಕತ್ತರಿಸಿದೆ. ನೀರು ಸೋಸಿ ಅಡಿಗೆ ಮನೆ ತಕ್ಕಡಿಯಲ್ಲಿಟ್ಟರೆ 380 ಗ್ರಾಂ. ಅತ್ತೆ ಬಂದಿದ್ದರು, "ಒಂದು ತಿಂಗಳಿಗೆ ಇಷ್ಟಾ?" ಅಂತ ಎರಡು ಕೈಯಲ್ಲಿ ಎತ್ತಿ ನೋಡಿದರು. ಅದರೊಳಗೆ ಸಿಕ್ಕಿಕೊಂಡಿದ್ದ ಮೂರು ಬಸವನ ಹುಳುಗಳನ್ನ ಮಗ ಒಂದೊಂದೇ ಬಿಡಿಸಿ ತೊಟ್ಟಿಗೆ ವಾಪಸ್ ಹಾಕಿದ. ಉಳಿದದ್ದನ್ನ ಅತ್ತೆ ಸೆರಗಿಗೆ ಸುರಿದುಕೊಂಡು ಕರಿಬೇವಿನ ಬುಡಕ್ಕೆ ಹಾಕಿ, ಮೇಲೆ ಒಂದಿಷ್ಟು ಮಣ್ಣು ಎಳೆದು ಬಂದರು.